ತಾಯಿ ಕಾರ್ಡಿನೊಳಗಿನ ಚೀಟಿ

ಕ್ಯಾಸಂಬಳ್ಳಿ
14 ಜುಲೈ 2025

ಮಗಳು ಶ್ಯಾಮಲಾಗೆ,

ಅಮ್ಮನ ಆಶೀರ್ವಾದ. ಕಾಗದ ಮುಗಿಯುವ ಹೊತ್ತಿಗೆ ಆಶೀರ್ವಾದ ಮಾಡುವ ಯೋಗ್ಯತೆ ನನಗೆ ಉಳಿದಿರುವುದಿಲ್ಲ, ಅದಕ್ಕೇ ಮೊದಲೇ ಮಾಡಿಬಿಟ್ಟೆ. ನೀನು ನನ್ನ ಹತ್ತಿರ ಬಿಟ್ಟುಹೋದ ನಿನ್ನ ಚಿಕ್ಕ ಮಗಳು ಅಕ್ಷರಾ ರಾಗಿ ಗಂಜಿ ಚೆನ್ನಾಗಿ ಕುಡಿಯುತ್ತಾಳೆ.

ಇದನ್ನು ಹೇಳಲೆಂದು ನಿನಗೆ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಊಟ ಆಯಿತಾ ಎಂದು ಕೇಳಿ ಇಟ್ಟುಬಿಟ್ಟೆ. ಅದಕ್ಕೇ ಇದನ್ನು ನಿಮ್ಮಪ್ಪನ ಕೈಲಿ ಕಳಿಸುತ್ತಿದ್ದೇನೆ. ಒಳಗೇನಿದೆ ಎಂದು ಅವರಿಗೂ ಗೊತ್ತಿಲ್ಲ.

ಕಳೆದ ವಾರ ನೀನು ಮಗ ಅನಿರುದ್ಧನನ್ನು ಮಾರಿಕುಪ್ಪಂ ರೈಲಿನಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋದೆ. ಆಟಿಸಂ ಎಂದರು. ಐದು ವರ್ಷ ತುಂಬುವವರೆಗೆ ಏನು ಮಾಡುತ್ತಿದ್ದಿರಿ ಎಂದು ಅಲ್ಲಿನ ಡಾಕ್ಟರು ನಿನ್ನನ್ನು ಕೇಳಿದರು. ನೀನು ಮನೆಗೆ ಬಂದು ಗಂಡನ ಮೇಲೆ ಹರಿಹಾಯ್ದೆ, ಫ್ಯಾಕ್ಟರಿ ಬಿಟ್ಟರೆ ನಿಮಗೆ ಮಗನೇ ಕಾಣಲಿಲ್ಲ ಎಂದೆ. ಈಗ ಅವರ ಜೊತೆ ಮಾತೇ ಬಿಟ್ಟಿದ್ದೀಯಂತೆ.

ವೇಣು ಅಳಿಯಂದಿರ ತಪ್ಪಿಲ್ಲ ಕಣಮ್ಮ. ಮಗುವಿಗೆ ಎರಡು ತುಂಬಿದಾಗ ಅವರು ನನ್ನ ಹತ್ತಿರ ಬಂದು, "ಅತ್ತೆ, ಎಷ್ಟು ಕೂಗಿದ್ರೂ ತಿರುಗಲ್ಲ ಇವ್ನು. ಎಲ್ಲಾದ್ರೂ ತೋರಿಸಾನ?" ಎಂದಿದ್ದರು. ನಾನು ನಕ್ಕುಬಿಟ್ಟೆ. "ಮನೇಲಿ ಕನ್ನಡ, ನಿಮ್ಮಮ್ಮಂದು ತೆಲುಗು, ಪಕ್ಕದ್ಮನೇದು ತಮಿಳು. ಮೂರು ಬಾಸೆ ಕಿವೀಗ್ ಬಿದ್ರೆ ಮಾತು ತಡಾನೇ ಕಣಪ್ಪ" ಎಂದೆ. ಇಪ್ಪತ್ತೆರಡು ವರ್ಷ ಅಂಗನವಾಡಿ ಟೀಚರಾಗಿದ್ದ ಅತ್ತೆ ಹೇಳಿದ ಮೇಲೆ ಅವರು ಇನ್ಯಾರನ್ನು ಕೇಳಬೇಕಿತ್ತು?

ಅದೇ ಮಾತು ಹಿಡಿದು ಆಂಡರ್ಸನ್‌ಪೇಟೆಯ ನಿಮ್ಮ ಪಕ್ಕದ ಮನೆ ರಾಧಾಮಣಿಯ ಹತ್ತಿರ ಮಗುವನ್ನು ಬಿಡಬೇಡ ಎಂದೆ. ಆಕೆ ತಮಿಳಿನಲ್ಲಿ ಹಾಡಿ ಕೈ ತಟ್ಟಿದರೆ ಅವನೂ ತಟ್ಟುತ್ತಿದ್ದ. ಬೇರೆ ಯಾರ ಜೊತೆಗೂ ತಟ್ಟಲಿಲ್ಲ. ನೀನು ನನ್ನ ಮಾತು ಕೇಳಿ ಬಾಗಿಲು ಹಾಕಿದೆ, ಅವನು ಎಷ್ಟೋ ದಿನ ಆ ಬಾಗಿಲಿಗೆ ಹಣೆ ಚಚ್ಚಿಕೊಂಡ.

ಇಷ್ಟೇ ಆಗಿದ್ದರೆ ತಿಳಿಯದೆ ಮಾಡಿದೆ ಎನ್ನಬಹುದಿತ್ತು. ನನಗೆ ತಿಳಿದಿತ್ತು.

ಅವನು ಒಂದು ವರ್ಷ ಎಂಟು ತಿಂಗಳಿನವನಿದ್ದಾಗ ಒಂದು ವಾರ ನನ್ನ ಹತ್ತಿರ ಬಿಟ್ಟಿದ್ದೆಯಲ್ಲ, ಆಗ ಮಕ್ಕಳ ತಪಾಸಣೆಗೆ ಡಾಕ್ಟರ ತಂಡ ನಮ್ಮ ಅಂಗನವಾಡಿಗೆ ಬಂತು. ಆಶಾರಾಣಿ ಎಂಬ ಡಾಕ್ಟರು ಅವನ ಹೆಸರು ಹಿಡಿದು ಕರೆದರು, ಬೊಂಬೆ ತೋರಿಸಿದರು. ಅವನು ಉಪ್ಪಿಟ್ಟಿನ ತಟ್ಟೆ ತಿರುಗಿಸುತ್ತಲೇ ಕೂತಿದ್ದ. ಕೋಲಾರದ ಆಸ್ಪತ್ರೆಗೆ ಚೀಟಿ ಬರೆದು ನನ್ನ ಕೈಗಿಟ್ಟು, ತಡ ಮಾಡಬೇಡಿ ಟೀಚರೇ, ಚಿಕ್ಕವನಿದ್ದಾಗಲೇ ಶುರು ಮಾಡಿದರೆ ಒಳ್ಳೆಯದು ಎಂದರು. ಅದನ್ನು ಮಡಿಸಿ, ನೀನು ಬಸುರಿಯಾಗಿದ್ದಾಗಿನ ತಾಯಿ ಕಾರ್ಡಿನೊಳಗೆ ಸೇರಿಸಿ ಬೀರುವಿನಲ್ಲಿಟ್ಟೆ.

ಅಂಥ ಚೀಟಿಗಳನ್ನು ಎಷ್ಟೋ ಮನೆಗೆ ಕೊಟ್ಟವಳು ನಾನು. ನಮ್ಮೂರಿನ ಸೊಸೆ ಕಲ್ಪನಾಗೆ ಕೊಟ್ಟಾಗ ಅವಳ ಅತ್ತೆ, "ಇವಳ ಒಟ್ಟೇಲೇ ದೋಸ ಐತೆ" ಎಂದು ತವರಿಗೆ ಅಟ್ಟಿದಳು. ನಿನಗೂ ಅದೇ ಗತಿಯಾದರೆ ಎಂದು ಹೆದರಿದೆ. ಟೀಚರ ಮೊಮ್ಮಗನೇ ಹೀಗಾ ಎಂದು ಜನ ಆಡಿಕೊಳ್ಳುತ್ತಾರೆಂಬ ಹೆದರಿಕೆಯೂ ಇತ್ತು, ಇನ್ನೇಕೆ ಮುಚ್ಚಿಡಲಿ. ಊರಿಗೆ ಉಪಕಾರಿ ಮನೆಗೆ ಮಾರಿ ಎನ್ನುತ್ತಾರಲ್ಲ, ಅದು ನಾನೇ. ತಿಂಗಳಿಗೊಮ್ಮೆ ಬೀರು ತೆಗೆದು ಚೀಟಿ ನೋಡುತ್ತಿದ್ದೆ. ಮುಂದಿನ ತಿಂಗಳು ಮಾತಾಡುತ್ತಾನೆ ಬಿಡು ಎಂದುಕೊಂಡು ಮುಚ್ಚುತ್ತಿದ್ದೆ. ಹೀಗೆಯೇ ಮೂರೂವರೆ ವರ್ಷ ಹೋಯಿತು.

ಕ್ಷಮಿಸು ಎಂದು ನಿನ್ನನ್ನು ಕೇಳುವುದಿಲ್ಲ. ಕ್ಷಮಿಸುವುದಿದ್ದರೆ ಅವನು ಕ್ಷಮಿಸಬೇಕು, ಅವನಿಗೆ ಇನ್ನೂ ಅಮ್ಮ ಎನ್ನಲೂ ಬರುವುದಿಲ್ಲ. ಗಂಡನ ಜೊತೆ ಮಾತಾಡು. ರಾಧಾಮಣಿಯ ಮನೆಗೆ ಮಗುವನ್ನು ಕರೆದುಕೊಂಡು ಹೋಗು, ತಪ್ಪೆಲ್ಲ ನಮ್ಮಮ್ಮಂದು ಎಂದು ಹೇಳು.

ಇಂತಿ ನಿನ್ನ ಅಮ್ಮ,
ಕಾಂತಮ್ಮ

ತಾ.ಕ.: ಕವರಿನಲ್ಲಿ ಎರಡು ಚೀಟಿ ಇವೆ. ಹಳದಿ ತಿರುಗಿದ್ದು ಅನಿರುದ್ಧನದು. ಇನ್ನೊಂದನ್ನು ಶನಿವಾರ ನಾನೇ ಡಾಕ್ಟರನ್ನು ಕೇಳಿ ಬರೆಸಿಕೊಂಡೆ. ಅಕ್ಷರಾಳನ್ನು ಹತ್ತು ದಿನದಿಂದ ಹೆಸರು ಹಿಡಿದು ಕರೆಯುತ್ತಿದ್ದೇನೆ. ಬಟ್ಟಲು ಬಿದ್ದ ಸದ್ದಿಗೆ ತಿರುಗುತ್ತಾಳೆ, ಕರೆದರೆ ತಿರುಗುವುದಿಲ್ಲ. ಗುರುವಾರ ಕೋಲಾರಕ್ಕೆ ಬರಹೇಳಿದ್ದಾರೆ. ಬೆಳಿಗ್ಗೆ ಏಳೂವರೆಗೆ ಬಂಗಾರಪೇಟೆ ಬಸ್ ಸ್ಟ್ಯಾಂಡಿನಲ್ಲಿ ಅವಳನ್ನು ಎತ್ತಿಕೊಂಡು ನಿಂತಿರುತ್ತೇನೆ. ನನ್ನ ಜೊತೆ ಮಾತಾಡದಿದ್ದರೂ ಪರವಾಗಿಲ್ಲ, ಬಾ.