ಒಂದೇ ಮನೆಯ ಕಫ

ಎದೆ ರೋಗದ ವಾರ್ಡು, ಎರಡನೇ ಮಹಡಿ
ಹದಿನೇಳನೇ ತಾರೀಕು, ಸೋಮವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಗುಬ್ಬಿಯ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನನ್ನ ಅಕ್ಷರ ನೋಡಿ ಬೈಯಬೇಡ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಕೈ ಇದು. ಅದರ ಮೇಲೆ ಈಗ ಬಲಗೈಗೆ ಸೂಜಿ ಚುಚ್ಚಿ ಪಟ್ಟಿ ಸುತ್ತಿದ್ದಾರೆ, ಸಾಲುಗಳು ಹತ್ತಿ ಇಳಿದು ಹೋಗುತ್ತಿವೆ. ಕಾಗುಣಿತ ತಪ್ಪಿದ ಕಡೆ ನೀನೇ ತಿದ್ದಿಕೊಂಡು ಓದು. ಬಂದು ತಿಂಗಳಾದರೂ ಒಂದು ಸಾಲು ಬರೆಯಲಿಲ್ಲ ಎಂದು ಮುನಿಸಿಕೊಂಡಿರುತ್ತೀಯ. ಎರಡು ಸಲ ಬರೆದು ಹರಿದು ಹಾಕಿದೆ. ಫೋನ್ ಮಾಡೋಣವೆಂದರೆ ಅದು ಭಾವನ ಜೊತೆ ಲಾರಿಯಲ್ಲಿ ಊರೂರು ಸುತ್ತುತ್ತಿರುತ್ತದೆ. ಸಿಕ್ಕರೂ ಅಷ್ಟೆ, ಅದನ್ನು ಕಿವಿಗೆ ಹಿಡಿದರೆ ನನಗೆ ಮಾತು ಹೊರಡುವುದಿಲ್ಲ.

ನಾನು ಚೆನ್ನಾಗಿದ್ದೇನೆ. ಪುಟ್ಟಿ ಹೇಗಿದ್ದಾಳೆ? ಕಾಗದ ಪೂರ್ತಿ ಓದು, ಓದಿದ ಮೇಲೆ ಪುಟ್ಟಿಯನ್ನು ಕರೆದುಕೊಂಡು ತಪ್ಪದೆ ಇಲ್ಲಿಗೆ ಬಾ. ನನ್ನನ್ನು ನೋಡುವುದಕ್ಕಲ್ಲ. ನಿನಗೂ ಅವಳಿಗೂ ಪರೀಕ್ಷೆ ಆಗಬೇಕು. ಯಾಕೆಂದು ಹೇಳುತ್ತೇನೆ, ಆದರೆ ನನಗೆ ಮೊದಲಿನಿಂದ ಹೇಳಿದರೇ ಸರಿಯಾಗಿ ಹೇಳಲು ಬರುವುದು.

ಅಕ್ಕ, ಬೇಸಿಗೆಯಿಂದ ಕ್ಷಯಕ್ಕೆಂದು ಮಾತ್ರೆ ನುಂಗಿದೆನಲ್ಲ, ನನಗೆ ಇರುವುದು ಕ್ಷಯ ಅಲ್ಲವಂತೆ. ಬೇರೆ ಏನೋ. ಅದರ ಹೆಸರು ನನ್ನ ಬಾಯಲ್ಲಿ ತಿರುಗುವುದಿಲ್ಲ. ಲಕ್ಷಾಂತರ ಜನರಲ್ಲಿ ಎಲ್ಲೋ ಕೆಲವರಿಗೆ ಬರುತ್ತದಂತೆ. ಬರುವುದಾದರೆ ಒಂದು ಲಾಟರಿ ಬರಬಾರದಿತ್ತೇ ಎಂದು ಪಕ್ಕದ ಮಂಚದ ಕಂಡಕ್ಟರಮ್ಮ ಹೇಳಿದರು.

ಇಲ್ಲಿನ ದೊಡ್ಡ ಡಾಕ್ಟರಮ್ಮ ಮೊದಲ ದಿನ ನನ್ನ ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು ಸುಮಾರು ಹೊತ್ತು ನೋಡಿದರು. ನಾನು ಬಗ್ಗಿ ನೋಡುತ್ತಿದ್ದುದನ್ನು ಕಂಡು ಹತ್ತಿರ ಕರೆದರು. ಒಳಗೆಲ್ಲ ಅಂಕುಡೊಂಕು ಚಪ್ಪಡಿ ಹಾಸಿ, ಸಂದಿಗೆ ಗಾರೆ ತುಂಬಿದ ಅಂಗಳದ ಹಾಗಿತ್ತು. ನನ್ನ ಒಳಗೆ ಇಂಥದ್ದೊಂದು ಅಂಗಳ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ. ಆಮೇಲೆ ಮೂಗಿನಿಂದ ಸಣ್ಣ ಕೊಳವೆ ಇಳಿಸಿದರು, ಅದರ ತುದಿಯಲ್ಲಿ ದೀಪವೂ ಕಣ್ಣೂ ಇರುತ್ತವೆ. ಒಳಗೆ ಸ್ವಲ್ಪ ನೀರು ಬಿಟ್ಟು ವಾಪಸು ಎಳೆದರು. ನೀರು ಹೋದದ್ದು ನೀರಾಗಿಯೇ, ಬಂದದ್ದು ಮಾತ್ರ ಹಾಲಿನ ಹಾಗೆ ಬೆಳ್ಳಗೆ. ಡಾಕ್ಟರಮ್ಮ ಆ ಸೀಸೆಯನ್ನು ಅಲ್ಲಾಡಿಸಿ, “ಸಿಕ್ಕಿಬಿದ್ದೆ ನೋಡು,” ಎಂದರು. ನನಗೆ ಹೇಳಿದ್ದಲ್ಲ, ಕಾಯಿಲೆಗೆ ಹೇಳಿದ್ದು. ಆಮೇಲೆ ರಕ್ತ ಕಳುಹಿಸಿದರು, ಅದರಲ್ಲೂ ಅದೇ ಬಂತು.

ನಮ್ಮೆಲ್ಲರ ಎದೆಯೊಳಗೂ ಸೋಪಿನಂಥದ್ದೊಂದು ತಾನಾಗಿಯೇ ಊರುತ್ತಿರುತ್ತದಂತೆ. ಅದು ಇಲ್ಲದಿದ್ದರೆ ಉಸಿರಿನ ಚೀಲಗಳು ಅಂಟಿಕೊಂಡುಬಿಡುತ್ತವೆ. ಹಳೆಯದಾದ ಸೋಪನ್ನು ಎತ್ತಿ ಹಾಕಲು ಅಲ್ಲೇ ಕೆಲಸದವರೂ ಇರುತ್ತಾರೆ. ನನ್ನ ರಕ್ತ ಅದೇನು ತಿಳಿದುಕೊಂಡಿತೋ, ಆ ಕೆಲಸದವರ ಕೈ ಕಟ್ಟಿ ಕೂರಿಸಿಬಿಟ್ಟಿದೆ. ಸೋಪು ತುಂಬುತ್ತಾ ಹೋಗಿ ಗಾಳಿಗೆ ಜಾಗವೇ ಇಲ್ಲ. ಲಾಂಡ್ರಿಯಲ್ಲಿ ಬಟ್ಟೆ ಎತ್ತುವಾಗ ನಾನು ಏದುಸಿರು ಬಿಟ್ಟರೆ ಯಜಮಾನರು ಸೋಮಾರಿ ಎನ್ನುತ್ತಿದ್ದರಲ್ಲ, ಅವರ ಮೇಲೂ ನನಗೆ ಈಗ ಕೋಪವಿಲ್ಲ. ಒಳಗೆ ಇಷ್ಟೆಲ್ಲ ಇದೆ ಎಂದು ಯಾರು ತಾನೇ ಊಹಿಸುತ್ತಾರೆ.

ಮದ್ದು ಏನೆಂದರೆ ತೊಳೆಯುವುದು! ಉಗುರು ಬೆಚ್ಚಗಿನ ಉಪ್ಪುನೀರನ್ನು ಒಂದು ಕಡೆಯ ಶ್ವಾಸಕೋಶಕ್ಕೆ ತುಂಬುತ್ತಾರೆ, ಎದೆ ತಟ್ಟುತ್ತಾರೆ, ಬಸಿಯುತ್ತಾರೆ, ಮತ್ತೆ ತುಂಬುತ್ತಾರೆ. ಅಷ್ಟು ಹೊತ್ತೂ ಇನ್ನೊಂದು ಕಡೆಯದು ಒಂದೇ ಉಸಿರಾಡಬೇಕು, ಭಾವ ಲಾರಿ ಹತ್ತಿದಾಗ ನೀನೊಬ್ಬಳೇ ಮನೆ ನೋಡಿಕೊಳ್ಳುವ ಹಾಗೆ. ಡಾಕ್ಟರಮ್ಮ ಇದನ್ನೆಲ್ಲ ಹೇಳಿ, ಏನಾದರೂ ಕೇಳುವುದಿದ್ದರೆ ಕೇಳು ಎಂದರು. ನನ್ನ ಬಾಯಿಂದ ಅದು ಹೇಗೆ ಬಂತೋ, “ಎಷ್ಟು ನೀರಲ್ಲಿ ಜಾಲಿಸ್ತೀರಾ?” ಎಂದು ಕೇಳಿಬಿಟ್ಟೆ. ಜೊತೆಗಿದ್ದ ಕಿರಿಯ ಡಾಕ್ಟರುಗಳೆಲ್ಲ ನಕ್ಕರು, ನನಗೆ ನೆಲ ಬಿರಿಯಬಾರದೇ ಎನಿಸಿತು. ಡಾಕ್ಟರಮ್ಮ ಮಾತ್ರ, ನೀರು ತಿಳಿಯಾಗುವವರೆಗೆ, ನೀನು ಲಾಂಡ್ರಿಯಲ್ಲಿ ಮಾಡುವ ಹಾಗೇ ಎಂದರು. ಆ ಧೈರ್ಯದಲ್ಲಿ, ಮೊದಲು ಬಂದ ನೀರನ್ನೂ ಕೊನೆಗೆ ಬಂದದ್ದನ್ನೂ ನನಗೆ ತೋರಿಸಲು ಎತ್ತಿಡಿ ಎಂದು ಕೇಳಿಕೊಂಡೆ.

ಹೋದ ಬುಧವಾರ ಬಲಗಡೆ ತೊಳೆದರು. ನನಗೆ ಏನೂ ಗೊತ್ತಾಗಲಿಲ್ಲ, ಮಲಗಿಸಿಬಿಟ್ಟಿದ್ದರು. ಎದ್ದಾಗ ಗಂಟಲು ಕೆರೆಯುತ್ತಿತ್ತು, ಮೈಯೆಲ್ಲ ಒದೆ ತಿಂದ ಹಾಗಿತ್ತು. ಎದೆ ತಟ್ಟುವ ಕೆಲಸದ ಅಣ್ಣ ಬಂದು ತನ್ನ ಅಂಗೈ ತೋರಿಸಿದ. ನಿನ್ನನ್ನು ಬಡಿದು ಬಡಿದು ಕೈ ಊದಿದೆ, ಗುಣವಾದ ಮೇಲೆ ನನ್ನ ಷರಟುಗಳಿಗೆ ನೀನೇ ಇಸ್ತ್ರಿ ಹಾಕಿಕೊಡಬೇಕು ಎಂದ. ಮಾರನೆಯ ದಿನ ನರ್ಸಮ್ಮ ಎರಡು ಬಾಟಲಿ ತಂದು ಕಿಟಕಿಯಲ್ಲಿ ಇಟ್ಟರು. ಒಂದು ಗಟ್ಟಿ ಹಾಲು, ತಳದಲ್ಲಿ ಗಸಿ. ಇನ್ನೊಂದರ ಆಚೆಗೆ ರಸ್ತೆಯ ಬಸ್ಸುಗಳು ಕಾಣುತ್ತಿದ್ದವು. ಅಷ್ಟು ಚೆನ್ನಾಗಿ ಜಾಲಿಸಿದ್ದರು, ನನ್ನ ಕೈಯಲ್ಲೂ ಆಗುತ್ತಿರಲಿಲ್ಲ. ಎಡಗಡೆಯದು ಇನ್ನೊಂದು ವಾರಕ್ಕೆ. ಎರಡೂ ಆದಮೇಲೂ ಮತ್ತೆ ತುಂಬಬಹುದಂತೆ, ತುಂಬಿದರೆ ಮತ್ತೆ ತೊಳೆಯುತ್ತಾರಂತೆ. ಕೊಳೆಯಾಗುವುದಕ್ಕೇ ಅಲ್ಲವೇ ಬಟ್ಟೆ ಇರುವುದು.

ಕಂಡಕ್ಟರಮ್ಮನ ವಿಷಯ ಹೇಳಲೇಬೇಕು. ಅವರಿಗೆ ವರ್ಷಗಟ್ಟಲೆ ಆಸ್ತಮಾ ಎಂದು ಔಷಧ ಕೊಟ್ಟಿದ್ದರಂತೆ. ಡಾಕ್ಟರಮ್ಮ ಎದೆಗೆ ಇಡುವ ಕೊಳವೆಯನ್ನು ಅವರ ಕತ್ತಿಗೆ ಇಟ್ಟು ಕೇಳಿದರು. ಆಸ್ತಮಾದವರಿಗೆ ಹೆಚ್ಚಾಗಿ ಉಸಿರು ಬಿಡುವಾಗ ಸೀಟಿ ಬರುತ್ತದಂತೆ, ಇವರದು ಎಳೆದುಕೊಳ್ಳುವಾಗ. ನೋಡಿದರೆ ಗಂಟಲ ಗೂಡಿನ ಕೆಳಗೆ ಗಾಳಿಯ ದಾರಿಯೇ ಕಿರಿದಾಗಿ ಹೋಗಿದೆ. ಬಲೂನು ಇಳಿಸಿ ಉಬ್ಬಿಸಿ ಅಗಲ ಮಾಡಿದ್ದಾರೆ. “ಇಷ್ಟು ದಿನ ನನ್ನ ಗಂಟಲಲ್ಲಿ ಒಬ್ಬೊಬ್ಬರೇ ಹತ್ತಬೇಕಿತ್ತು ಕಣೇ, ಈಗ ಎರಡೂ ಬಾಗಿಲು ತೆಗೆದವ್ರೆ,” ಎನ್ನುತ್ತಾರೆ. ಇಡೀ ವಾರ್ಡಿಗೆ ಕೇಳುವ ಹಾಗೆ ಉಸಿರೆಳೆದು ತೋರಿಸುತ್ತಾರೆ. ಅವರಿಂದಾಗಿ ನಾನು ಇಲ್ಲಿ ಅಳುವುದನ್ನೇ ಮರೆತಿದ್ದೇನೆ.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ಕೂತುಕೊಂಡು ಓದು ಅಕ್ಕ.

ಡಾಕ್ಟರಮ್ಮನಿಗೆ ಒಂದು ಲೆಕ್ಕ ಕೂಡಿಬರಲಿಲ್ಲ. ಚಿತ್ರದಲ್ಲಿ ಕ್ಷಯದ ಗುರುತಿಲ್ಲ, ತೊಳೆದ ನೀರಿನಲ್ಲಿ ಕ್ರಿಮಿ ಇಲ್ಲ. ಹಾಗಿದ್ದರೆ ಬೇಸಿಗೆಯಲ್ಲಿ ನಮ್ಮೂರ ಆಸ್ಪತ್ರೆಯಲ್ಲಿ ಕೊಟ್ಟ ಕಫದಲ್ಲಿ ಅಷ್ಟೊಂದು ಕ್ರಿಮಿ ಎಲ್ಲಿಂದ ಬಂತು? ಮಾತ್ರೆಗೆ ಸತ್ತುಹೋಗಿರಬಹುದು ಎಂದು ಕಿರಿಯವರು ಹೇಳಿದರು. ಅವರು ಒಪ್ಪಲಿಲ್ಲ. ಶನಿವಾರ ಬಂದು ನನ್ನ ಮಂಚದ ಮೇಲೆ ಕೂತು, ಆ ದಿನ ಏನೇನಾಯಿತು ಎಂದು ಕಥೆ ಕೇಳುವವರ ಹಾಗೆ ಕೇಳಿದರು. ನಾನು ಹೇಳುತ್ತಾ ಹೋದೆ. ಉದ್ದ ಸಾಲು, ಕೆಮ್ಮಿ ತುಪ್ಪು ಎಂದು ಡಬ್ಬಿ ಕೊಟ್ಟರು, ಗಂಡಸರೆಲ್ಲ ನೋಡುತ್ತಿದ್ದರು, ಎಷ್ಟು ಕೆಮ್ಮಿದರೂ ಒಣ ಕೆಮ್ಮು. ಖಾಲಿ ಡಬ್ಬಿ ತಂದಿದ್ದೀಯ ಎಂದು ಕಿಟಕಿಯವನು ಎರಡು ಸಲ ವಾಪಸು ಕಳಿಸಿದ. ಅಲ್ಲಿಗೆ ನಿಲ್ಲಿಸಿದೆ.

“ಆಮೇಲೆ?” ಎಂದರು.

ಕಂಡಕ್ಟರಮ್ಮ ಆ ಕಡೆಯಿಂದ, “ಹೇಳೇ, ನಡುದಾರಿಯಲ್ಲಿ ಬಸ್ ನಿಲ್ಲಿಸಬೇಡ,” ಎಂದರು.

ಹೇಳಿದೆ. ನಿನಗೂ ನೆನಪಿರಬೇಕು. ನೀನು ನನ್ನ ಕೈಯಿಂದ ಡಬ್ಬಿ ಕಿತ್ತುಕೊಂಡು ನಲ್ಲಿಯ ಹಿಂದೆ ಹೋದೆ. ನಿನಗೆ ಆಗಲೇ ಕೆಮ್ಮು ಇತ್ತಲ್ಲ, ಒಂದೇ ಏಟಿಗೆ ತುಂಬಿಸಿ ತಂದೆ. “ತಗೋ, ಒಂದೇ ಮನೆ ಕಫ. ಒಂದೇ ಹೊಟ್ಟೆಯಲ್ಲಿ ಹುಟ್ಟಿಲ್ವಾ ನಾವು?” ಎಂದೆ. ಮನೆ ಮುಟ್ಟುವವರೆಗೂ ನಾವಿಬ್ಬರೂ ನಕ್ಕೆವು. ನನ್ನ ಅರ್ಧ ದಿನದ ರಜೆ ಉಳಿಯಿತು ಎಂಬುದಷ್ಟೇ ಅವತ್ತು ನಮ್ಮ ತಲೆಯಲ್ಲಿ ಇದ್ದದ್ದು.

ಡಾಕ್ಟರಮ್ಮ ನಗಲಿಲ್ಲ, ಬೈಯಲೂ ಇಲ್ಲ. ಅಕ್ಕನಿಗೆ ಈಗಲೂ ಕೆಮ್ಮು ಇದೆಯೇ ಎಂದು ಕೇಳಿದರು. ಸಂಜೆ ಮೈ ಬಿಸಿಯಾಗುತ್ತದೆಯೇ, ಸೊರಗಿದ್ದಾಳೆಯೇ ಎಂದು ಕೇಳಿದರು. ನನಗೆ ಆಗ ಒಂದೊಂದೇ ಕಣ್ಣಿಗೆ ಬಂತು. ನೀನು ಸಡಿಲವಾದ ಬಟ್ಟೆಗಳನ್ನೆಲ್ಲ ಹಿಡಿದು ಹೊಲಿದುಕೊಂಡದ್ದು. “ನಿನ್ನ ಚಿಂತೆಯಲ್ಲೇ ನಾನು ಕರಗಿಹೋದೆ,” ಎಂದು ನನ್ನನ್ನು ಬೈಯುತ್ತಿದ್ದುದು. ಮನೆಯಲ್ಲಿ ಬೇರೆ ಯಾರಿಗಾದರೂ ಕೆಮ್ಮಿದೆಯೇ ಎಂದು ಆಸ್ಪತ್ರೆಯಿಂದ ವಿಚಾರಿಸಲು ಬಂದವರಿಗೆ, ಒಲೆ ಹೊಗೆ ಅಷ್ಟೇ ಎಂದು ಹೇಳಿ ಕಳಿಸಿದ್ದು. ಅಕ್ಕ, ಆ ಕ್ರಿಮಿ ನಿನ್ನದು. ನಾನು ಇಷ್ಟು ತಿಂಗಳು ನುಂಗಿದ ಮಾತ್ರೆಗಳೆಲ್ಲ ನಿನಗೆ ಸೇರಬೇಕಾದವು. ದಿನಾ ಬೆಳಗ್ಗೆ ನೀನೇ ಎದುರು ನಿಂತು, ಬಾಯಿ ತೆರೆಸಿ ನೋಡಿ ನುಂಗಿಸುತ್ತಿದ್ದೆ.

ಹೆದರಬೇಡ. ಹೆದರುವ ಕಾಯಿಲೆ ಇವತ್ತಿಗೆ ಅದಲ್ಲ, ತಡ ಮಾಡುವುದಕ್ಕೆ ಹೆದರಬೇಕು ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದ್ದಾರೆ. ಮಾತ್ರೆ ತಪ್ಪಿಸದೆ ನುಂಗಿದರೆ ಪೂರ್ತಿ ವಾಸಿಯಾಗುತ್ತದೆ. ಪುಟ್ಟಿ ನಿನ್ನ ಮಗ್ಗುಲಲ್ಲೇ ಮಲಗುವವಳು, ಅದಕ್ಕೇ ಅವಳನ್ನೂ ನೋಡಲೇಬೇಕು. ಅವಳಿಗೆ ಇನ್ನೂ ಏನೂ ಆಗಿರದಿದ್ದರೆ ಆಗದ ಹಾಗೆ ಔಷಧ ಇದೆಯಂತೆ. ಭಾವ ಬಂದಾಗ ಅವರೂ ಒಮ್ಮೆ ಬರಲಿ. ಡಾಕ್ಟರ ಹತ್ತಿರ ಮನೆಯ ಮಾತು ಯಾಕೆ ಹೇಳಿದೆ ಎಂದು ನಿನಗೆ ಸಿಟ್ಟು ಬರಬಹುದು. ಬರಲಿ. ಸಿಟ್ಟು ಮಾಡಿಕೊಂಡೇ ಬಸ್ಸು ಹತ್ತು.

ಈ ಕಾಗದ ತಂದುಕೊಟ್ಟವರು ಕಂಡಕ್ಟರಮ್ಮನ ಜೊತೆ ಕೆಲಸ ಮಾಡುವವರು. ನಾಳೆ ಬೆಳಗ್ಗೆ ಅವರದೇ ಬಸ್ಸು ಈ ಕಡೆಗೆ ಹೊರಡುತ್ತದೆ. ಇಬ್ಬರಿಗೂ ಕಿಟಕಿ ಪಕ್ಕ ಜಾಗ ಇಡುತ್ತಾರೆ, ಗಾಜು ತೆರೆದೇ ಇರಲಿ. ಬಾಯಿಗೆ ತೆಳು ಬಟ್ಟೆ ಕಟ್ಟಿಕೊಂಡು ಬಾ. ಪಾತ್ರೆ, ಲೋಟ, ತಟ್ಟೆಯಿಂದ ಅದು ಅಂಟುವುದಿಲ್ಲವಂತೆ, ಕೆಮ್ಮಿದ ಗಾಳಿಯಿಂದ ಅಂಟುವುದಂತೆ. ಇದು ನನಗೂ ಮೊನ್ನೆಯೇ ತಿಳಿದದ್ದು.

ನೀನು ಚೆನ್ನಾಗಿರಬೇಕು, ನನ್ನ ತಲೆಯ ಮೇಲೆ ನಿನ್ನ ಕೈ ಯಾವಾಗಲೂ ಇರಬೇಕು. ಪುಟ್ಟಿಗೆ ಎರಡೂ ಕೆನ್ನೆಗೆ ಮುತ್ತು.

ದಾರಿ ನೋಡುತ್ತಿರುವ
ನಿನ್ನ ಗುಬ್ಬಿ

ಸಹಿ ಹಾಕಿದ ಮೇಲೆ ಬರೆಯುತ್ತಿದ್ದೇನೆ. ಇದನ್ನು ಬರೆಯುವುದೇ ಬೇಡ ಎಂದುಕೊಂಡಿದ್ದೆ, ಮೊದಲೆರಡು ಕಾಗದ ಹರಿದದ್ದೂ ಇದಕ್ಕೇ. ನಾನು ಆಸ್ಪತ್ರೆಗೆ ಹೊರಟ ದಿನ ಪುಟ್ಟಿ ಒಳಗಿನಿಂದ ಎರಡೂ ಕೈ ಚಾಚಿ ನನ್ನ ಕಡೆಗೆ ಓಡಿ ಬಂದಳು. ನೀನು ಹಿಂದಿನಿಂದ ಅವಳ ಫ್ರಾಕು ಹಿಡಿದು ಎಳೆದೆ. ಎಳೆದ ರಭಸಕ್ಕೆ ಗುಂಡಿ ಕಿತ್ತು ಬಂತು. “ಮುಟ್ಟಬೇಡ, ಚಿಕ್ಕಿ ಮೈಯೆಲ್ಲ ರೋಗ,” ಎಂದೆ. ನಾನು ನಕ್ಕು ಮೆಟ್ಟಿಲು ಇಳಿದೆ. ನೀನು ತಾಯಿ, ನೀನು ಮಾಡಿದ್ದು ಸರಿಯೇ. ಆದರೆ ಅಕ್ಕ, ಎದೆಯೊಳಗೆ ಕೊಳವೆ ಇಳಿಸಿದಾಗಲೂ ನನಗೆ ಅಷ್ಟು ನೋವಾಗಲಿಲ್ಲ. ಈ ಬಾಟಲಿಗಟ್ಟಲೆ ನೀರಿಗೂ ಅದು ಹೋಗಿಲ್ಲ.

ನಾಳೆ ಇಲ್ಲಿನ ಡಾಕ್ಟರುಗಳು ನಿನಗೂ ಹೇಳುತ್ತಾರೆ, ಮಾತ್ರೆ ಹಿಡಿಯುವವರೆಗೆ ಮಗುವನ್ನು ಸ್ವಲ್ಪ ದೂರ ಮಲಗಿಸು ಎಂದು. ಇವರು ಮೆಲ್ಲಗೇ ಹೇಳುತ್ತಾರೆ, ಆದರೂ ನಿನಗೆ ಅದು ಅವತ್ತಿನ ನಿನ್ನದೇ ದನಿಯಲ್ಲಿ ಕೇಳಿಸೀತು ಎಂದು ನನಗೆ ಭಯ. ಹಾಗೆ ಕೇಳಿಸಿಕೊಳ್ಳಬೇಡ. ನಾನು ಪುಟ್ಟಿಯನ್ನು ಎತ್ತಿಕೊಳ್ಳಬಹುದು, ಡಾಕ್ಟರಮ್ಮನನ್ನು ಎರಡು ಸಲ ಕೇಳಿ ಖಚಿತ ಮಾಡಿಕೊಂಡಿದ್ದೇನೆ. ನಿನ್ನ ಕಣ್ಣಿಗೆ ಕಾಣುವ ಕಡೆಯೇ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡಿರುತ್ತೇನೆ.

ಇವತ್ತು ಬೆಳಗ್ಗೆ ನಾನೊಬ್ಬಳೇ ಮೆಟ್ಟಿಲು ಇಳಿದು, ಪರೀಕ್ಷೆಗೆ ಬಂದವರು ಕಾಯುವ ಹೊರಗಿನ ಜಗಲಿಗೆ ಹೋದೆ. ಅಲ್ಲಿ ಉದ್ದನೆಯ ಬೆಂಚು ಇದೆ. ಮೊದಲು ಈ ತುದಿಯಲ್ಲಿ, ಆಮೇಲೆ ಆ ತುದಿಯಲ್ಲಿ ಕೂತು ನೋಡಿದೆ. ಆ ತುದಿಯಲ್ಲಿ ಗಾಳಿ ಚೆನ್ನಾಗಿ ಬರುತ್ತದೆ, ಅದು ನಿನಗೆ.