ಅಟ್ಟದವಳ ಚೊಂಬು ನೀರು

೨೩-೪-೨೦೦೩, ಬುಧವಾರ

ಪ್ರಕಾಶಕರು ಮತ್ತೆ ಫೋನ್ ಮಾಡಿದ್ದರು. ನನ್ನ ದೆವ್ವದ ಕಾದಂಬರಿಯ ಕೊನೆ ಓದುಗರಿಗೆ ಸಪ್ಪೆ ಎನಿಸಿದೆಯಂತೆ. ಎರಡನೇ ಮುದ್ರಣಕ್ಕೆ ಒಬ್ಬ ಮಂತ್ರವಾದಿಯನ್ನು ತರಬೇಕಂತೆ. ತರುವುದಿಲ್ಲ.

ಬೆಂಗಳೂರಿನ ಓದುಗರೊಬ್ಬರ ಪ್ರಶ್ನೆ ಬೇರೆ: ಅಟ್ಟದಲ್ಲಿ ಕೂಡಿಹಾಕಿದ ಸೊಸೆ ಅಷ್ಟೊಂದು ತೆಂಗಿನಕಾಯಿಗಳ ನಡುವೆ ಬಾಯಾರಿ ಸಾಯುವುದು ಹೇಗೆ? ಕೊಬ್ಬರಿಗೆಂದು ವರ್ಷವಿಡೀ ಒಣಗಿದ ಕಾಯಿ ಅಲ್ಲಾಡಿಸಿದರೆ ಸದ್ದು ಬರುತ್ತದೆ ಸ್ವಾಮಿ, ತೊಟ್ಟು ನೀರು ಬರುವುದಿಲ್ಲ. ನನ್ನ ದೆವ್ವ ಹುಟ್ಟಿದ್ದೇ ಆ ಸದ್ದಿನಲ್ಲಿ.

ಬಾಡಿಗೆಗೆ ಪುಸ್ತಕ ಕೊಡುವ ಚಿತ್ತೇಶನ ತಕರಾರು ಇನ್ನೊಂದು. "ರಕ್ತಾನೇ ಇಲ್ವಲ್ಲ ಮೇಡಂ. ಕೊನೇಲಿ ಮನೆಯೋಳು ಒಂದು ಚೊಂಬು ನೀರು ಹಿಡ್ಕಂಡು ಅಟ್ಟ ಹತ್ತುತಾಳೆ, ಕತೆ ಮುಗೀತು. ಇದೂ ಒಂದು ದೆವ್ವದ ಕತೇನಾ?"

ಹೌದು ಕಣಪ್ಪ, ಇದೇ.

ಸಂಜೆ ಶೆಟ್ಟಿಕೆರೆಯ ಕಾಳಕ್ಕ ರವಿಕೆ ಹೊಲಿಸಲು ಬಂದಿದ್ದಳು. ಅವಳಿಗೆ ಓದು ಬಾರದು. ಮೊಮ್ಮಗಳು ಮಂಜುಶ್ರೀ ಪೂರ್ತಿ ಕಾದಂಬರಿ ಓದಿ ಹೇಳಿದ್ದಾಳೆ. ಅಳತೆ ಕೊಡುತ್ತಾ ನಿಂತವಳು ಮೆಲ್ಲಗೆ ಕೇಳಿದಳು, "ರುಕ್ಸಾನಮ್ಮ, ಆ ನೀರ ಕುಡುದ್ಲಾ ಅಟ್ಟದೋಳು?"

ಟೇಪು ಕೈಯಲ್ಲೇ ಉಳಿಯಿತು. ಅದನ್ನು ನಾನು ಬರೆದೇ ಇಲ್ಲ. ಬರೆಯುವಾಗ ನನಗೆ ಗೊತ್ತೂ ಇರಲಿಲ್ಲ.

"ಕುಡುದ್ಲು ಕಣಕ್ಕ."

"ಚೊಂಬು ಪೂರ್ತಿ?"

"ಪೂರ್ತಿ."

"ಹಂಗಾದ್ರೆ ಸರಿ ಬುಡು," ಎಂದು ತೋಳು ಚಾಚಿದಳು.

ಬೆಳಿಗ್ಗೆ ಪ್ರಕಾಶಕರಿಗೆ ಹೇಳಬೇಕು, ಒಂದಕ್ಷರವೂ ಬದಲಾಗುವುದಿಲ್ಲ. ಕಣ್ಣು ಎಳೆಯುತ್ತಿದೆ. ಕಾಳಕ್ಕನ ತೋಳಿನ ಅಳತೆ ಮಾತ್ರ, ಅಯ್ಯೋ, ಗುರುತು ಹಾಕಿಕೊಳ್ಳಲೇ