ನಲವತ್ತೊಂದು, ಐವತ್ತೆಂಟು

ಮನೆಯಿಂದ,
ಭಾನುವಾರ ಬೆಳಿಗ್ಗೆ, ಹನ್ನೆರಡನೇ ತಾರೀಕು

ಪ್ರೀತಿಯ ಯಾಕಮ್ಮಾ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯೋ, ಇಲ್ಲ ಲ್ಯಾಬಿನ ಆ ಗಾಜಿನ ತಟ್ಟೆಗಳ ಮುಂದೆ ಕೂತು ಮರೆತೇಬಿಡುತ್ತೀಯೋ? ಕತ್ತುನೋವು ಕಡಿಮೆಯಾಯಿತೇ? ಇಷ್ಟು ದೊಡ್ಡ ವಿಜ್ಞಾನಿಯಾದ ಮೇಲೂ ಅಪ್ಪ ಆ ಹಳೇ ಹೆಸರು ಬಿಡಲಿಲ್ಲವಲ್ಲ ಅಂತ ಸಿಡುಕಬೇಡ. ಮಾತು ಕಲಿತ ದಿನದಿಂದ "ಯಾಕೆ, ಯಾಕೆ" ಅಂತ ನನ್ನ ತಲೆ ತಿಂದವಳು ನೀನು, ಹೆಸರಿಟ್ಟವಳು ನಿಮ್ಮಮ್ಮ. ನಾವಿಬ್ಬರೂ ಚೆನ್ನಾಗಿದ್ದೇವೆ. ಜ್ವರ ಬಿಟ್ಟು ಎರಡು ತಿಂಗಳಾಯಿತು. ಅಮ್ಮನಿಗೆ ಮೆಟ್ಟಿಲು ಹತ್ತುವಾಗ ಈಗಲೂ ಏದುಸಿರು ಬರುತ್ತದೆ, ನನ್ನನ್ನು ಬೈಯುವಾಗ ಮಾತ್ರ ಬರುವುದಿಲ್ಲ.

ಫೋನ್ ಮಾಡುವುದು ಬಿಟ್ಟು ಕಾಗದ ಬರೆಯುತ್ತಿದ್ದಾನೆ ಅಂದರೆ ಈ ಮುದುಕ ಏನೋ ಎಡವಟ್ಟು ಮಾಡಿಕೊಂಡಿದ್ದಾನೆ ಅಂತ ನಿನಗೆ ಆಗಲೇ ಅನಿಸಿರುತ್ತದೆ. ಹೌದು, ಮಾಡಿಕೊಂಡಿದ್ದೇನೆ. ಮೂರು ಸಲ ಫೋನ್ ಮಾಡಿದೆ. ನಿನ್ನ ದನಿ ಕೇಳಿದ ಕೂಡಲೇ ಅಲ್ಲಿ ಚಳಿ ಹೇಗಿದೆ ಅಂತ ವಿಚಾರಿಸಿ ಇಟ್ಟುಬಿಟ್ಟೆ.

ನೀನು ಆರು ವರ್ಷ ವೈರಸ್ ಬೆಳೆಸಿ, ಅದರ ಮೇಲೆ ಸುರಿದು ಸುರಿದು ಪರೀಕ್ಷಿಸಿದ ಔಷಧಿಯನ್ನೇ ಈಗ ರೋಗಿಗಳಿಗೆ ಕೊಟ್ಟು ನೋಡುತ್ತಿದ್ದಾರೆ ಅಂತ ಇಲ್ಲಿಯ ಆಸ್ಪತ್ರೆಯಲ್ಲಿ ಗೊತ್ತಾದಾಗ, ಅದೇ ಜ್ವರ ಬಂದಿದ್ದ ನಾವಿಬ್ಬರೂ ಆ ಪರೀಕ್ಷೆಗೆ ಸೇರದೆ ಇರುತ್ತೇವೆಯೇ? ಮಗಳ ಔಷಧಿ! ನರ್ಸಮ್ಮ ಮನೆಗೇ ಬಂದು ನಂಬರ್ ಬರೆದ ಡಬ್ಬಿ ಕೊಟ್ಟಳು. ನನ್ನದು ನಲವತ್ತೊಂದು, ಅಮ್ಮನದು ಐವತ್ತೆಂಟು. "ಅರ್ಧ ಜನಕ್ಕೆ ನಿಜವಾದ ಔಷಧಿ, ಅರ್ಧ ಜನಕ್ಕೆ ಔಷಧಿ ಇಲ್ಲದ ಬರೀ ಮಾತ್ರೆ. ಯಾರಿಗೆ ಯಾವುದು ಅಂತ ನನಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ರಾತ್ರಿ ಊಟ ಆದ್ಮೇಲೆ ಶುರು ಮಾಡಿ, ಒಬ್ಬರದು ಇನ್ನೊಬ್ಬರು ಮುಟ್ಟಬೇಡಿ" ಅಂದಳು. ಮುಟ್ಟಬೇಡಿ ಅಂದದ್ದೇ ತಪ್ಪಾಯಿತು ನೋಡು.

ಮಧ್ಯಾಹ್ನ ಅಮ್ಮನಿಗೆ ಜೊಂಪು ಹತ್ತಿದಾಗ ಎರಡೂ ಡಬ್ಬಿಯಿಂದ ಒಂದೊಂದು ಮಾತ್ರೆ ತೆಗೆದು ನಾಲಿಗೆಗೆ ಮುಟ್ಟಿಸಿದೆ. ನನ್ನದು ಕಹಿ, ಅವಳದು ಸಪ್ಪೆ. ಔಷಧಿ ಅಂದರೆ ಕಹಿ ತಾನೇ? ನನಗೆ ಬರೀ ಮೈಕೈ ನೋವು. ಅವಳೋ ಗೋಡೆ ಹಿಡಿಯದೆ ನಿಲ್ಲಲಾರಳು. ಹಿಂದೆ ಮುಂದೆ ನೋಡಲಿಲ್ಲ ಕಣೇ. ನನ್ನ ಮಾತ್ರೆ ಅವಳ ಡಬ್ಬಿಗೆ, ಅವಳದು ನನ್ನ ಡಬ್ಬಿಗೆ ಸುರಿದೆ. ಮೂವತ್ತೆರಡು ವರ್ಷ ತೂಕ-ಅಳತೆ ಇಲಾಖೆಯಲ್ಲಿದ್ದು, ತಕ್ಕಡಿಯ ತಳಕ್ಕೆ ಮೇಣ ಮೆತ್ತಿದ ಅಂಗಡಿಯವರನ್ನೆಲ್ಲ ಹಿಡಿದು ಹಾಕಿದವನು ನಾನು. ಕೊನೆಗೆ ಮಗಳ ತಕ್ಕಡಿಗೇ ಕೈ ಹಾಕಿದೆ. ನಾಚಿಕೆಯಾಗುತ್ತದೆ.

ನಾಲ್ಕನೇ ದಿನ ಅಮ್ಮ ಎದ್ದು ಕೂತು ಕನ್ನಡಕ ಎಲ್ಲಿ ಅಂತ ಕೇಳಿದಳು. ನಾನು ಹನ್ನೊಂದು ದಿನ ಹಾಸಿಗೆ ಬಿಡಲಿಲ್ಲ. ಆದರೂ ಒಳಗೊಳಗೇ ಎಷ್ಟು ಖುಷಿ! ಮೈ ಹಗುರಾದ ಕೂಡಲೇ ಡಬ್ಬಿ ಹಿಡಿದ ಅಮ್ಮನ ಫೋಟೋ ತೆಗೆದು ಫೇಸ್‌ಬುಕ್‌ಗೆ ಹಾಕಿದೆ: "ಹೊಸ ಮಾತ್ರೆ ನನ್ನ ಹೆಂಡತಿಯನ್ನು ನಾಲ್ಕೇ ದಿನಕ್ಕೆ ಎಬ್ಬಿಸಿ ಕೂರಿಸಿತು." ನಲವತ್ತು ಸಾವಿರ ಜನ ಹಂಚಿಕೊಂಡರು. "ಅಪ್ಪಾ, ಒಬ್ಬರು ಎದ್ದು ಕೂತರೆ ಏನೂ ಗೊತ್ತಾಗಲ್ಲ, ಅದನ್ನ ತೆಗಿ" ಅಂತ ನೀನು ಬಡಕೊಂಡೆ. ಹುಡುಗಿಗೆ ಸಂಕೋಚ ಅಂದುಕೊಂಡು ತೆಗೆಯಲಿಲ್ಲ.

ಹೋದ ವಾರ ಹಿಂದಿನ ಬೀದಿಯ ದರ್ಜಿ ಬಾಗಿಲಿಗೆ ಬಂದ. ಅವನಪ್ಪನಿಗೂ ಅದೇ ಜ್ವರ. "ಉಳಿದಿದ್ರೆ ನಾಲ್ಕು ಮಾತ್ರೆ ಕೊಡಿ ಸಾರ್. ಮೊನ್ನೆ ನಿಮ್ಮ ಪೋಸ್ಟ್ ನೋಡಿದಾಗಿಂದ ಅಪ್ಪ ಅದೇ ಬೇಕು ಅಂತಾರೆ, ಆಸ್ಪತ್ರೆ ಮಾತ್ರೆ ಮುಟ್ತಾ ಇಲ್ಲ" ಅಂದ. ಆಟೋ ಹಿಡಿದು ಆ ಹಿರಿಯರನ್ನು ಆಸ್ಪತ್ರೆಗೆ ಸೇರಿಸಿ ಬಂದೆ. ಸದ್ಯ, ಈಗ ಪರವಾಗಿಲ್ಲ. ಇನ್ನೊಂದೆರಡು ದಿನ ತಡವಾಗಿದ್ದರೆ ಏನಾಗುತ್ತಿತ್ತೋ. ಇನ್ನೆಷ್ಟು ಮನೆಗಳಲ್ಲಿ ಹೀಗೆ ಕಾಯುತ್ತಾ ಕೂತಿದ್ದಾರೋ.

ತಿಂಗಳ ಕೊನೆಗೆ ಯಾವ ಡಬ್ಬಿಯಲ್ಲಿ ಏನಿತ್ತು ಅಂತ ಬಿಚ್ಚಿ ನೋಡುತ್ತಾರಂತಲ್ಲ. ಅಷ್ಟರೊಳಗೆ ಸಂಬಂಧಪಟ್ಟ ಡಾಕ್ಟರಿಗೆ ಹೇಳಿಬಿಡು: ನಲವತ್ತೊಂದು, ಐವತ್ತೆಂಟು ಅದಲುಬದಲಾಗಿವೆ. ನಿನ್ನ ಅಪ್ಪ ಅಮ್ಮನೇ ಅಂತ ಗೊತ್ತಾಗಿ ನಿನಗೆ ಕೆಟ್ಟ ಹೆಸರು ಬಂದೀತೇನೋ, ಆರು ವರ್ಷದ ಕೆಲಸಕ್ಕೆ ಮಸಿ ಬಳಿದೆನೇನೋ ಅಂತ ಭಯವಾಗುತ್ತದೆ. ಆದರೂ ಹೇಳು. ಅಮ್ಮನಿಗೆ ಇದೊಂದೂ ಗೊತ್ತಿಲ್ಲ; ನಾನೇ ನಿಧಾನಕ್ಕೆ ಹೇಳುತ್ತೇನೆ.

ಕೈತುಂಬ ಕೆಲಸ, ಕಣ್ತುಂಬ ನಿದ್ದೆ ಎರಡೂ ನಿನಗಿರಲಿ ಮಗಳೇ. ಅಮ್ಮನೂ ಹರಸಿದ್ದಾಳೆ.

ಇತಿ ನಿನ್ನ ಅಪ್ಪ
(ಮಾಜಿ ತಕ್ಕಡಿ ಇನ್ಸ್‌ಪೆಕ್ಟರ್)

ತಾ.ಕ.: ಲಕೋಟೆಗೆ ಗೋಂದು ಹುಡುಕಿ ಬರುವಷ್ಟರಲ್ಲಿ ಅಮ್ಮ ಕಾಗದ ಪೂರ್ತಿ ಓದಿ ಕೂತಿದ್ದಳು. ಬೈಯುತ್ತಾಳೆ ಅಂದುಕೊಂಡೆ. "ಅಯ್ಯೋ, ನೀವೂನಾ?" ಅಂದಳು. ಡಬ್ಬಿ ಬಂದ ದಿನ ಸಂಜೆ ನಾನು ನೀರು ಕಾಯಿಸಲು ಹೋದಾಗ ಇವಳೂ ಗೋಡೆ ಹಿಡಿದುಕೊಂಡು ಬಂದು ಎರಡನ್ನೂ ನೆಕ್ಕಿ ನೋಡಿದ್ದಾಳೆ. ತನ್ನ ಡಬ್ಬಿಯದು ಕಹಿ, ನನ್ನದು ಸಪ್ಪೆ. ಕಹಿ ಇವರಿಗೇ ಇರಲಿ ಅಂತ ಮತ್ತೆ ಬದಲಾಯಿಸಿದ್ದಾಳೆ! ರಾತ್ರಿಯ ಹೊತ್ತಿಗೆ ಜ್ವರ ನನ್ನ ಬಾಯಿರುಚಿ ಕಿತ್ತುಕೊಂಡಿತ್ತು, ನನಗೆ ಗೊತ್ತೇ ಆಗಲಿಲ್ಲ. ಅಂದರೆ ಅವರವರದು ಅವರವರಿಗೇ ಸಿಕ್ಕಿದೆ. ಆದರೂ ಡಾಕ್ಟರಿಗೆ ಎಲ್ಲವನ್ನೂ ಹೇಳು. ಆದರೆ ಯಾಕಮ್ಮಾ, ನಾಲ್ಕೇ ದಿನಕ್ಕೆ ಎದ್ದು ಕೂತವಳು ನುಂಗಿದ್ದು ಸಪ್ಪೆ ಮಾತ್ರೆ! ನಲವತ್ತು ಸಾವಿರ ಜನಕ್ಕೆ ಈಗ ಏನಂತ ಹೇಳಲಿ ಅಂದೆ. "ನನಗೆ ಗೊತ್ತಿಲ್ಲ ಅಂತ ಬರೀರಿ. ಮಗಳು ಹೇಳಿದ್ದೂ ಅದನ್ನೇ ಅಲ್ವಾ?" ಅಂದಳು ನಿಮ್ಮಮ್ಮ. ಹಳೆಯದನ್ನು ತೆಗೆದು ಹಾಗೇ ಬರೆದಿದ್ದೇನೆ. ಇಲ್ಲಿಯವರೆಗೆ ಹಂಚಿಕೊಂಡವರು ಇಬ್ಬರೇ: ದರ್ಜಿ, ನಿಮ್ಮಮ್ಮ. ನೀನೂ ಹಂಚಿಕೊಳ್ಳೇ.